ಸಂಘಟಿಸು ಎಂದರೇನೆಂದು ಅತ್ತೆ ತೋರಿಸಿದ್ದು

ನಿಘಂಟಿನ ಕಚೇರಿಯಲ್ಲಿ ನಾನು ‘ಸ’ ಅಕ್ಷರದ ಗುಮಾಸ್ತ. ಕೆಳಗಿನ ಮಹಡಿಯಲ್ಲಿ ಅದೇ ನಿಘಂಟನ್ನು ಹೊಲಿಯುವ ಬೈಂಡಿಂಗ್ ವಿಭಾಗ, ಅಲ್ಲಿ ನನ್ನ ಸೋದರತ್ತೆ. ಇಪ್ಪತ್ತೆರಡು ವರ್ಷದಿಂದ ಅಚ್ಚಾದ ಹಾಳೆ ಮಡಚಿ, ಜೋಡಿಸಿ, ಹೊಲಿದವಳು. ಪುಸ್ತಕದ ಭಾರ ಓದುವವರಿಗೇನು ಗೊತ್ತು ಎಂಬ ಜಂಬ ಬೇರೆ. ನನ್ನನ್ನು ಕರೆಯುವುದೇ ‘ಪಂಡಿತ’ ಎಂದು, ಅದೂ ಮೂಗು ಮುರಿದು.

ಒಂದು ದಿನ ಊಟದ ಹೊತ್ತಿನಲ್ಲಿ ‘ಸಂಘಟಿಸು’ ಪದದ ಚೀಟಿ ಹಿಡಿದು ಅವಳ ಪಕ್ಕ ಕೂತಿದ್ದೆ. ಅರ್ಥ: ‘ಒಂದು ಕಾರ್ಯಕ್ಕಾಗಿ ಜನರನ್ನು ಒಟ್ಟುಗೂಡಿಸಿ ಸಜ್ಜುಗೊಳಿಸು.’ ಉದಾಹರಣೆ: ‘ನಾಯಕನು ಜನರನ್ನು ಸಂಘಟಿಸಿದನು.’ ಓದಿ ಹೇಳಿದೆ.

“ಯಾವ ನಾಯಕ? ಎಷ್ಟು ಜನ? ಯಾತಕ್ಕೆ?” ಎಂದಳು ಅತ್ತೆ.

“ನಿಘಂಟಲ್ಲಿ ಅದೆಲ್ಲ ಬರೆಯಲ್ಲ ಅತ್ತೆ.”

“ಹಾಗಾದ್ರೆ ಸುಮ್ನೆ ಗುಂಪು ಕಟ್ಕೊಂಡು ಬಿಸಿಲಲ್ಲಿ ನಿಂತಿದ್ದಾನೆ, ಪಾಪ.”

ನನಗೆ ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಉರಿಯಿತು.

ಅವಳ ತಲೆಯಲ್ಲಿ ಆಗ ಬೇರೆ ಚಿಂತೆ. ಹೆಂಗಸರ ಶೌಚಾಲಯದ ಕೀಲಿಯನ್ನು ಮ್ಯಾನೇಜರ್ ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ. ಬೇಕಾದವರು ಹೋಗಿ ಕೇಳಬೇಕು, ಅವನು ಗಡಿಯಾರ ನೋಡಬೇಕು, ರಿಜಿಸ್ಟರಿನಲ್ಲಿ ಕಾರಣ ಬರೆಸಬೇಕು. ಕಾರಣವಂತೆ, ಕಾರಣ! ವಿಭಾಗದ ಹದಿನಾಲ್ಕು ಹೆಂಗಸರಲ್ಲಿ ಒಬ್ಬಳು ಏಳು ತಿಂಗಳ ಬಸುರಿ. ಕೇಳಲು ನಾಚಿ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು, ಹಿಂದಿನ ದಿನ ಮೇಜಿನ ಬಳಿ ತಲೆ ಸುತ್ತಿ ಬಿದ್ದಿದ್ದಳು. ಅತ್ತೆ ಎರಡು ಸಲ ಅರ್ಜಿ ಕೊಟ್ಟಾಗಲೂ ಮ್ಯಾನೇಜರ್ “ನೋಡೋಣ” ಎಂದಿದ್ದ.

ಮಡಚಿದ ಹಾಳೆಗಳ ಕಂತೆಗೆ ಅವರಲ್ಲಿ ಫಾರಂ ಎನ್ನುತ್ತಾರೆ. ಫಾರಂಗಳನ್ನು ನಂಬರಿನ ಪ್ರಕಾರ ಸಾಲಾಗಿಟ್ಟು, ಒಂದೊಂದಾಗಿ ಎತ್ತಿ ಪುಸ್ತಕ ಕೂಡಿಸುತ್ತಾರೆ. ಅತ್ತೆ ಹೆಂಗಸರಿಗೂ ಹಾಗೇ ನಂಬರು ಕೊಟ್ಟಳು. ಬಸುರಿಯನ್ನು ಕೂರಿಸಿ, ಕೈಗೆ ಒಂದು ಚೊಂಬು ನೀರು ಕೊಟ್ಟಳು. ಮರುದಿನ ಬೆಳಿಗ್ಗೆಯಿಂದ ಉಳಿದ ಹದಿಮೂರು ಮಂದಿ ಐದು ನಿಮಿಷಕ್ಕೊಬ್ಬರಂತೆ, ಒಂದು ಸುತ್ತು ಮುಗಿದರೆ ಮತ್ತೆ ಮೊದಲಿಂದ, ಮ್ಯಾನೇಜರನ ಮುಂದೆ ಹಾಜರು. “ಸಾರ್, ಕೀಲಿ.” ಮೊದಲನೆಯವಳು ಕೀಲಿ ಮರಳಿಸುವಷ್ಟರಲ್ಲಿ ಎರಡನೆಯವಳು ಕೈ ಚಾಚಿರುತ್ತಿದ್ದಳು. ಎಲ್ಲರೂ ಕಾರಣವನ್ನು ವಿವರವಾಗಿ ಬರೆದರು, ಅತ್ತೆಯದಂತೂ ಅರ್ಧ ಪುಟ.

ಹುಮ್ಮಸ್ಸಿನಲ್ಲಿ ಒಂಬತ್ತನೆಯವಳು ಹತ್ತನೆಯವಳ ಸರದಿಗೂ ತಾನೇ ಹೋಗಿಬಿಟ್ಟಳು. ಒಂದೇ ಫಾರಂ ಎರಡು ಸಲ ಸೇರಿದ ಪುಸ್ತಕದ ಹಾಗಾಯಿತು.

“ಈಗ ತಾನೇ ಬಂದಿದ್ಯಲ್ಲಮ್ಮ!” ಎಂದ ಮ್ಯಾನೇಜರ್.

“ಈಗ ತಾನೇ ನೀರೂ ಕುಡಿದೆ ಸಾರ್. ಅದನ್ನೂ ಬರೀಲಾ?”

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಸಾಕೋ ಸಾಕಾಯಿತು. ಬೆಳಿಗ್ಗೆಯಿಂದ ಒಂದು ಪತ್ರಕ್ಕೂ ಸಹಿ ಹಾಕಲಾಗಿರಲಿಲ್ಲ. ತಾನೇ ಎದ್ದು ಬಂದು, ಬೈಂಡಿಂಗ್ ವಿಭಾಗದ ಗೋಡೆಗೆ ಮೊಳೆ ಹೊಡೆದು ಕೀಲಿ ನೇತುಹಾಕಿದ. ಸುತ್ತಿಗೆ ತಂದುಕೊಟ್ಟವಳು ಅತ್ತೆ. ಆ ಕೀಲಿಯನ್ನು ಯಾರನ್ನೂ ಕೇಳದೆ ಮೊದಲು ತೆಗೆದುಕೊಂಡವಳು ಬಸುರಿ. ಅವಳು ಹೋದ ಠೀವಿ ನೋಡಿ ನನಗೆ ಖುಷಿಯಾಯಿತು.

ನಾನು ಹಳೆಯ ಚೀಟಿ ಹರಿದು ಹೊಸದು ಬರೆದೆ. ಆರು ತಿಂಗಳ ಮೇಲೆ ಆ ಪುಟ ಅಚ್ಚಾಗಿ ಅತ್ತೆಯ ಮೇಜಿಗೇ ಬಂತು. ಓಡಿಹೋಗಿ ಬೆರಳಿಟ್ಟು ಓದಿದೆ: ‘ಶೌಚಾಲಯದ ಕೀಲಿಗಾಗಿ ಅತ್ತೆ ಹೆಂಗಸರನ್ನು ಸಂಘಟಿಸಿದಳು.’ ಹಿಗ್ಗಿ ಹೀರೇಕಾಯಿ ಆಗುತ್ತಾಳೆ ಎಂದುಕೊಂಡಿದ್ದೆ.

ಅತ್ತೆ ಆ ಸಾಲನ್ನು ಎರಡು ಸಲ ನೋಡಿದಳು.

“ಕೀಲಿ ಸಿಕ್ತು ಅಂತ ಎಲ್ಲಿ ಬರೆದಿದ್ದೀಯೋ ಪಂಡಿತ? ಓದಿದವರು ನಾವು ಇನ್ನೂ ತಡ್ಕೊಂಡು ನಿಂತಿದ್ದೀವಿ ಅಂದ್ಕೊಳ್ಳಲ್ವಾ?”