ನಾನು ಕಲಿಸಿದ ತಪ್ಪು ಪಾಠ

"ಮನೇಲಿ ಆಡೋ ಭಾಷೆ ಯಾವುದಮ್ಮ?" ಸಮೀಕ್ಷೆಯ ಮೊಬೈಲ್ ಹಿಡಿದು ಕೇಳಿದೆ.

"ಕನ್ನಡ ಅಂತ ಹಾಕ್ರಿ ಸಾರ್" ಎಂದಳು, ನ್ಯಾಮತಿ ಸಮೀಪದ ತಾಂಡಾದ ಆ ಹೆಣ್ಣುಮಗಳು. ಅಷ್ಟರಲ್ಲಿ ಅವಳ ಪುಟ್ಟ ಮಗಳು ಮೊಣಕಾಲು ತರಚಿಕೊಂಡು, "ಯಾಡಿ" ಎಂದು ಅಮ್ಮನನ್ನು ಕರೆಯುತ್ತಾ ಅಳುತ್ತ ಬಂದಳು. ಎತ್ತಿಕೊಂಡು ಸಮಾಧಾನ ಮಾಡಿದ್ದೆಲ್ಲ ಲಂಬಾಣಿಯಲ್ಲೇ.

"ಮತ್ತೆ ಇದು?" ಎಂದೆ.

"ಅದು ಭಾಷೆ ಅಲ್ರೀ ಸಾರ್, ಅದಕ್ಕೆ ಲಿಪಿ ಎಲ್ಲೈತೆ? ಒಂಬತ್ತನೇ ಕ್ಲಾಸಿನಾಗೆ ನೀವೇ ಹೇಳಿದ್ರಲ್ಲ, ಬರೆಯಾಕೆ ಬರದಿದ್ರೆ ಅದು ಬರೀ ಮಾತು, ಭಾಷೆ ಅಲ್ಲ ಅಂತ."

ಆಗ ಗುರುತು ಹತ್ತಿತು. ನನ್ನ ಹಳೆಯ ವಿದ್ಯಾರ್ಥಿನಿ, ಹೇಳಿದ್ದನ್ನೆಲ್ಲ ತಪ್ಪದೆ ಬರೆದುಕೊಳ್ಳುತ್ತಿದ್ದವಳು. ಕನ್ನಡ ಮೇಷ್ಟ್ರಾಗಿ ನೋಟ್ಸ್ ಬರೆಸುವ ಅವಸರದಲ್ಲಿ ಆ ಮಾತನ್ನು ವರ್ಷವರ್ಷವೂ ಹೇಳುತ್ತಲೇ ಬಂದಿದ್ದೆ. ಅವಳ ಮುಖ ನೋಡಲಾಗಲಿಲ್ಲ.

"ನಾನು ಹೇಳಿದ್ದು ತಪ್ಪಮ್ಮ. ಮಾತೇ ಭಾಷೆ. ಲಿಪಿ ಆಮೇಲೆ ಬಂದದ್ದು" ಎಂದು ಮೊಬೈಲನ್ನು ಅವಳ ಕಡೆ ತಿರುಗಿಸಿದೆ. ಭಾಷೆಗಳ ಪಟ್ಟಿಯಲ್ಲಿ ಲಂಬಾಣಿಯೂ ಇತ್ತು. ಅವಳು ಎರಡು ಸಲ ಓದಿದಳು. ಮಗುವಿನ ಕಣ್ಣೊರೆಸಿದ್ದ ಬೆರಳನ್ನು ಸೆರಗಿಗೆ ಉಜ್ಜಿ, ಆ ಹೆಸರನ್ನು ತಾನೇ ಒತ್ತಿದಳು.

ಈಗ ಭಾಷೆ, ಲಿಪಿಯ ಪಾಠಕ್ಕೆ ಮೊದಲು, "ಮನೇಲಿ ನಿಮ್ಮನ್ನ ಯಾವ ಭಾಷೇಲಿ ಬೈತಾರೆ?" ಎಂದು ಮಕ್ಕಳನ್ನು ಕೇಳುತ್ತೇನೆ. ತರಗತಿ ನಗುತ್ತದೆ. ಅವರು ಹೇಳಿದ ಭಾಷೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲು ಮೇಲೇಳುವುದು ತಾಂಡಾದ ಮಕ್ಕಳ ಕೈ.