ಹೆಜ್ಜೇನು ಎದ್ದ ಬೆಳಿಗ್ಗೆ

ಅಮ್ಮ ತೀರಿಕೊಂಡ ಮೇಲೆ ಒಂದೂವರೆ ವರ್ಷ ಅಕ್ಕತಂಗಿ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಕೊನೆಯ ದಿನಗಳಲ್ಲಿ ಅಮ್ಮ ಅಜ್ಜಾವರದಲ್ಲಿ ಅಕ್ಕನ ಮನೆಯಲ್ಲಿದ್ದರು. ಉಸಿರಾಟ ಕೆಟ್ಟದ್ದು ಸಂಜೆ. ಅಕ್ಕ ನನಗೆ ಫೋನ್ ಮಾಡಿದ್ದು ಮರುದಿನ ಬೆಳಿಗ್ಗೆ, ಎಲ್ಲ ಮುಗಿದ ಮೇಲೆ. ದರ್ಬೆಯ ನನ್ನ ಮನೆಯಿಂದ ಅಲ್ಲಿಗೆ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಅದನ್ನು ನಾನು ಕ್ಷಮಿಸಿರಲಿಲ್ಲ.

ಈ ಮಾರ್ಚಿನಲ್ಲಿ ನನ್ನ ಮಗಳು ನಮ್ಮಿಬ್ಬರನ್ನೂ ಕೇಳದೆ, ಕಡಲ ಬದಿಯ ಹಳೇ ಬಂಗಲೆ ಹೋಟೆಲೊಂದರಲ್ಲಿ ನಮಗಿಬ್ಬರಿಗೇ ಎರಡು ದಿನಕ್ಕೆ ರೂಮು ಹಿಡಿದಳು. ಈಶ್ವರಮಂಗಲ ದಾಟಿ ಕೇರಳದ ಕಡೆ ಇಳಿಯಬೇಕು. ಕಾರು ನಾನೇ ಬಿಟ್ಟೆ. ದಾರಿಯಲ್ಲಿ ಅಕ್ಕ ಬಾಯಿ ಬಿಟ್ಟದ್ದು ಒಂದೇ ಸಲ: "ಎದುರು ಬಸ್ಸುಂಟು, ನೋಡು."

ಬಂಗಲೆಯ ಹಿಂದೆ ಕಡಲಿನವರೆಗೂ ಇಳಿಯುವ ತೋಟ. ನೂರು ವರ್ಷದ ಹಿಂದೆ ಯಾರೋ ಬ್ರಿಟಿಷ್ ಅಧಿಕಾರಿ ಮಾಡಿಸಿದ್ದಂತೆ. ಕಲ್ಲಿನ ಮೆಟ್ಟಿಲು, ಪಾಚಿ ಹಿಡಿದ ಕಾರಂಜಿ, ನನ್ನ ತೋಳಿಗೆ ಸಿಗದಷ್ಟು ದಪ್ಪದ ಮರಗಳು. ಎರಡನೆಯ ದಿನ ಬೆಳಿಗ್ಗೆ ಸುರಗಿ ಹೂವಿನ ವಾಸನೆ ಹಿಡಿದು ಅಕ್ಕ ಕೆಳಗಿಳಿದಳು. ನಾನು ನಾಲ್ಕು ಮೆಟ್ಟಿಲು ಹಿಂದಿದ್ದೆ. ಅವಳು ಬಗ್ಗಿ ಹೂವು ಆಯುತ್ತಿದ್ದಾಗ ಪಕ್ಕದ ದೊಡ್ಡ ಮರಕ್ಕೆ ಗಿಡುಗವೊಂದು ಎರಗಿತು. ಕೊಂಬೆಯಿಂದ ಏನೋ ಕಪ್ಪಗೆ ಕಳಚಿದಂತಾಯಿತು.

"ಓಡಿಕ್ಕೋ! ಓಡಿಕ್ಕೋ!" ತೋಟ ನೋಡಿಕೊಳ್ಳುವ ಮುದುಕ ಮಲಯಾಳದಲ್ಲಿ ಕೂಗಿದ.

ನಾನು ಓಡಿದೆ. ಅಕ್ಕನನ್ನು ಕರೆಯಲೂ ಇಲ್ಲ. ಸಲಕರಣೆ ಇಡುವ ಕೋಣೆಯ ಬಾಗಿಲು ಮುಟ್ಟಿ ತಿರುಗಿದಾಗ ಅವಳು ಮೆಟ್ಟಿಲಲ್ಲಿ ಬಿದ್ದಿದ್ದಳು. ಸೆರಗಿನ ಮೇಲೆ, ತಲೆಯ ಮೇಲೆ ಹೆಜ್ಜೇನು ಹುಳಗಳು. ಮುದುಕ ಗೋಣಿಚೀಲ ಹೊದ್ದು ಹೊರಟ. ಇನ್ನೊಂದು ಗೋಣಿ ಅಲ್ಲೇ ಇತ್ತು. ಅದನ್ನು ಎತ್ತಿಕೊಳ್ಳುವ ಮೊದಲು ನಾನು ಅರೆಕ್ಷಣ ನಿಂತೆ. ಆ ಅರೆಕ್ಷಣವನ್ನು ಯಾರಿಗೂ ಹೇಳಿಲ್ಲ.

ಇಬ್ಬರೂ ಸೇರಿ ಅವಳನ್ನು ಎಳೆದು ತಂದೆವು. ಹುಳಗಳು ಚದುರಿದ ಮೇಲೆ ಕಾರಿಗೆ ಹಾಕಿದೆವು. ಮುದುಕ ಹಿಂದೆ ಕೂತು ಅವಳ ತಲೆ ಹಿಡಿದು "ಇಡತ್ತು, ವಲತ್ತು" ಎಂದು ಎಡಬಲ ಹೇಳುತ್ತಿದ್ದ. ನನ್ನ ಬಲಗೈ ಊದಿ ಸ್ಟಿಯರಿಂಗ್ ಮೇಲೆ ಬೆರಳು ಮಡಚುತ್ತಿರಲಿಲ್ಲ. ಅಕ್ಕನ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು.

"ಭಾವನಿಗೆ ಫೋನ್ ಮಾಡ್ಬೇಡ," ಅಂದಳು. "ಗಾಬರಿಯಲ್ಲಿ ಎಲ್ಲಿಯಾದ್ರೂ ಕಾರು ಗುದ್ದಿಯಾರು."

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಾಕಿದರು. ವೈದ್ಯರು, "ಸ್ವಲ್ಪ ಹೊತ್ತು ಏನೂ ಹೇಳ್ಲಿಕ್ಕಾಗುದಿಲ್ಲ," ಅಂದರು. ನಾನು ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. "ನೀವು ಕಾರು ಬಿಡ್ಬೇಡಿ, ಯಾರನ್ನಾದ್ರೂ ಕರ್ಕೊಂಡು ಬನ್ನಿ," ಎಂದೆ.

ಮಧ್ಯಾಹ್ನದ ಹೊತ್ತಿಗೆ ಉಸಿರು ಸರಾಗವಾಯಿತು. ಫೋನ್ ಮಾಡಿದ್ದು ತಿಳಿದು ಅಕ್ಕ ಊದಿದ ಕಣ್ಣಲ್ಲೇ ನನ್ನನ್ನು ದಿಟ್ಟಿಸಿದಳು.

"ಬೇಡ ಅಂದಿದ್ದೆ."

"ನನಗೆ ಅವತ್ತು ಹೇಳ್ಲಿಲ್ಲ ನೀನು. ಅದೇ ತಪ್ಪು ನಾನೂ ಮಾಡ್ಲಾ?"

ಅವಳು ದಿಂಬಿಗೆ ಒರಗಿ ಎದ್ದು ಕೂತಳು. "ಅವತ್ತು ಎಂಥಾ ಮಳೆ ಗೊತ್ತುಂಟಾ? ನಿನ್ನ ಗಂಡ ಊರಲ್ಲಿರ್ಲಿಲ್ಲ. ಹೇಳಿದ್ರೆ ನೀನು ರಾತ್ರಿಯೇ ಒಬ್ಳೇ ಕಾರು ಬಿಟ್ಕೊಂಡು ಹೊರಡ್ತಿದ್ದೆ. ಒಂದೇ ದಿನ ಇಬ್ರನ್ನು ಕಳ್ಕೊಳ್ಳುದಾ ಅಂತ ಹೆದರಿದೆ, ಮಾರಾಯ್ತಿ."

"ಆದ್ರೂ ಹೇಳ್ಬೇಕಿತ್ತು."

"ಹೌದು," ಅಂದಳು. "ಹೇಳ್ಬೇಕಿತ್ತು."

ಭಾವ ನೆರೆಮನೆಯವರ ಜೀಪಿನಲ್ಲಿ, ತೋಟದ ಕೆಲಸದ ಬಟ್ಟೆಯಲ್ಲೇ ಬಂದರು. ಬಾಗಿಲಲ್ಲಿ ನಿಂತು ಅವಳ ಮುಖ ನೋಡಿ ಗುರುತೇ ಹತ್ತದವರಂತೆ ತಬ್ಬಿಬ್ಬಾದರು. ಮರುದಿನ ಡಿಸ್ಚಾರ್ಜ್ ಆದಾಗ ಅಕ್ಕ ಅಜ್ಜಾವರಕ್ಕೆ ಹೋಗಲಿಲ್ಲ, ಭಾವನನ್ನು ಮುಂದೆ ಕಳಿಸಿ ನನ್ನ ಜೊತೆ ದರ್ಬೆಗೆ ಬಂದಳು. ನಾಲ್ಕು ದಿನ ಇದ್ದಳು. ಎರಡನೆಯ ದಿನದಿಂದ, ಮೊದಲಿನ ಹಾಗೆಯೇ, ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಲು ಶುರುಮಾಡಿದಳು.