ನಾನು ಅಳಿಸಿದ ಉಬ್ಬು

ಗೌರಿಬಿದನೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಕೋಪ ಮೂಗಿನ ತುದಿಯಲ್ಲೇ. ನನ್ನ ಬಳಿ ಸಂಶೋಧನೆಗೆ ಸೇರಿದ ಮೊದಲ ವಿದ್ಯಾರ್ಥಿನಿ ತೊಂಡೇಬಾವಿಯಿಂದ ರೈಲಿನಲ್ಲಿ ಬರುತ್ತಿದ್ದಳು.

ಅವಳ ಕೆಲಸ ಎರಡು ಬಗೆಯ ಪ್ಲಾಸ್ಟಿಕ್ ಹಾಳೆಗಳದ್ದು. ಎರಡರಲ್ಲೂ ಅಣುಗಳು ಉದ್ದ ಸರಪಳಿಗಳು; ಒಂದರ ಸರಪಳಿಗೆ ಮಾತ್ರ ಪಕ್ಕದಲ್ಲಿ ಪುಟ್ಟ ಕವಲುಗಳಿದ್ದವು. ವಿದ್ಯುತ್ತಿನ ದಿಕ್ಕು ಬದಲಾದಂತೆಲ್ಲ ಅಣುಗಳೂ ತಿರುಗಲು ನೋಡುತ್ತವೆ, ಹಿಂದೆ ಬೀಳುತ್ತವೆ. ಎಷ್ಟು ಹಿಂದೆ ಎಂಬುದನ್ನು ಅಳೆಯಬೇಕು. ಹಾಳೆಯನ್ನು ತಣ್ಣಗೆ ಮಾಡಲು ಪಶು ಆಸ್ಪತ್ರೆಯಿಂದ ದ್ರವ ಸಾರಜನಕ ಬೇಡಿ ತರುತ್ತಿದ್ದೆವು. ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯವನ್ನು ಅವರು ಅದರಲ್ಲೇ ಕಾಪಿಡುತ್ತಾರೆ.

ಒಂದು ಮಧ್ಯಾಹ್ನ ಕವಲಿರುವ ಹಾಳೆಯ ಗ್ರಾಫಿನಲ್ಲಿ, ತಣ್ಣನೆಯ ಕಡೆ, ಸಣ್ಣದೊಂದು ಉಬ್ಬು ಕಂಡಿತು.

"ಸರಪಳಿ ಸೆಟೆದುಕೊಂಡಿದ್ರೂ ಕವಲು ಇನ್ನೂ ಆಡ್ತಿದೆ ಸಾರ್," ಎಂದಳು. "ಎತ್ತಿನ ಕೊರಳಪಟ್ಟಿ ಬಿಗಿದಿದ್ರೂ ಗೆಜ್ಜೆ ಅಲ್ಲಾಡಲ್ವಾ, ಹಂಗೆ."

"ತೇವ ಕಣಮ್ಮ. ಒಣಗ್ಸು."

ನೀರು ಹೀರಿದ ಹಾಳೆ ಇಂಥ ಉಬ್ಬು ತೋರಿಸುವುದುಂಟು. ಎರಡೂ ಹಾಳೆಗಳು ಒಂದೇ ಓವನ್ನಿನಲ್ಲಿ ಎಂಟು ದಿನ ಒಣಗಿದವು. ಉಬ್ಬು ಹೋಗಲಿಲ್ಲ. ಕವಲಿಲ್ಲದ ಹಾಳೆಯಲ್ಲಿ ಅದು ಮೊದಲಿನಿಂದಲೂ ಇರಲೇ ಇಲ್ಲ.

"ತೇವ ಆಗಿದ್ರೆ ಎರಡರಲ್ಲೂ ಬರ್ಬೇಕಿತ್ತಲ್ವಾ ಸಾರ್?"

ಸರಿಯಾದ ಪ್ರಶ್ನೆ, ಅದಕ್ಕೇ ನನಗೆ ರೇಗಿತು. "ನಂಗೇ ಪಾಠ ಮಾಡ್ತೀಯೇನಮ್ಮ?" ಎಂದು ಲ್ಯಾಬಿನಲ್ಲಿದ್ದ ಎಲ್ಲರೆದುರು ಗದರಿ, ಗ್ರಾಫಿನಲ್ಲಿ ಉಬ್ಬಿನ ಚುಕ್ಕೆಗಳನ್ನು ರಬ್ಬರಿನಿಂದ ಅಳಿಸಿ, ನುಣುಪಾಗಿ ಒಂದು ಗೆರೆ ಎಳೆದೆ. ಹೀಗೇ ಬರಿ ಎಂದೆ. ಅವಳು ಬರೆಯಲಿಲ್ಲ. ತಿಂಗಳೊಳಗೆ ಸಂಶೋಧನೆಯನ್ನೇ ಬಿಟ್ಟಳು. ಹೋದರೆ ಹೋಗಲಿ ಎಂದುಕೊಂಡಿದ್ದೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಳೆದ ವರ್ಷ ಕಾಲೇಜಿಗೆ ಹೊಸ ಉಪಕರಣ ಬಂತು. ಅದೇ ಎರಡು ಬಗೆಯ ಹಾಳೆ ಮಾಡಿ ಮತ್ತೆ ಅಳೆದೆ. ಉಬ್ಬು ಅವಳು ತೋರಿಸಿದ್ದ ಜಾಗದಲ್ಲೇ ಇತ್ತು.

ಅವಳೀಗ ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಗ್ರಾಫ್ ಹಿಡಿದು ಹೋದೆ. "ತಪ್ಪು ನಂದೇ ಕಣಮ್ಮ," ಎಂದೆ. "ವಾಪಸ್ ಬಾ, ಮುಗಿಸಣ."

ಗ್ರಾಫನ್ನು ತುಂಬ ಹೊತ್ತು ನೋಡಿದಳು. ಮೇಜಿನ ಮೇಲೆ ಮಕ್ಕಳ ಪ್ರಾಕ್ಟಿಕಲ್ ಪುಸ್ತಕಗಳ ರಾಶಿ, ಪಕ್ಕದಲ್ಲಿ ತೆರೆದಿಟ್ಟ ಗೈಡು.

"ಬೇಡ ಸಾರ್," ಎಂದಳು. "ಅವತ್ತಿಂದ, ಮಕ್ಕಳ ರೀಡಿಂಗ್ ಸರಿ ಇದೆ ಅಂತ ಕಣ್ಣಿಗೆ ಕಂಡ್ರೂ, ಗೈಡ್ ನೋಡ್ದೆ ನನ್ ಕೈಲಿ ಟಿಕ್ ಹಾಕಕ್ಕಾಗಲ್ಲ."